ರೀಬಿಲ್ಡ್ ಅಂದ್ರೆ ರಿಪೇರಿನಾ?

"ರೀಬಿಲ್ಡ್ ಅಂದ್ರೆ ರಿಪೇರಿ ಮಾಡೋದಾ? ಕಟ್ಟಿ ಮುಗಿದಿದ್ದರೆ ರೀಬಿಲ್ಡೆಡ್ ಅನ್ನಬೇಕಾ?" ಅಂತ ಕೇಳಿದ್ದೀರಿ. ಎರಡನೆಯದನ್ನು ಮೊದಲು ಮುಗಿಸಿಬಿಡುತ್ತೇನೆ. ರೀಬಿಲ್ಡೆಡ್ ಅನ್ನಬಾರದು. ಬಿಲ್ಡ್ ಹೇಗೆ ಬಿಲ್ಟ್ ಆಗುತ್ತದೋ ಹಾಗೇ ಇದು ರೀಬಿಲ್ಟ್. 'ದೇ ರೀಬಿಲ್ಟ್ ಇಟ್', 'ದೇ ಹ್ಯಾವ್ ರೀಬಿಲ್ಟ್ ಇಟ್', ಎರಡರಲ್ಲೂ ಒಂದೇ ರೂಪ.

ಮೊದಲನೆಯದರಲ್ಲಿ ನಾನೇ ಎಡವಿದ್ದೇನೆ. ಬೀದರ್‌ನಲ್ಲಿ ನನ್ನದೊಂದು ಝೆರಾಕ್ಸ್, ಟೈಪಿಂಗ್ ಅಂಗಡಿ. ಒಂದು ಮಳೆಗಾಲದಲ್ಲಿ ಹಳ್ಳಿಯಿಂದ ಒಬ್ಬರು ಬಂದರು. ಮಣ್ಣಿನ ಮನೆ, ಹಿಂದಿನ ಗೋಡೆ ಕುಸಿದಿದೆ, ಸಾಲಕ್ಕೆ ಇಂಗ್ಲಿಷ್‌ನಲ್ಲಿ ಅರ್ಜಿ ಬೇಕು. ನಾನು ಗತ್ತಿನಿಂದ 'ಟು ರೀಬಿಲ್ಡ್ ಮೈ ಹೌಸ್' ಅಂತ ಕುಟ್ಟಿ ಕೊಟ್ಟೆ. ಸಾಲ ಕೊಡುವವರ ಕಡೆಯಿಂದ ನೋಡಲು ಹೋದವರು "ಮನೆ ನಿಂತೇ ಇದೆಯಲ್ಲ, ಮತ್ತೆ ಕಟ್ಟೋದೇನು?" ಅಂದರಂತೆ. ಕಾಗದ ವಾಪಸ್. 'ಟು ರಿಪೇರ್ ಮೈ ಹೌಸ್ ಅಂಡ್ ರೀಬಿಲ್ಡ್ ದ ಬ್ಯಾಕ್ ವಾಲ್' ಅಂತ ಬರೆಯಬೇಕಿತ್ತು. ಮನೆಗೆ ರಿಪೇರಿ, ಗೋಡೆಗೆ ರೀಬಿಲ್ಡ್. ಎರಡನೇ ಸಲ ಟೈಪ್ ಮಾಡಿದ್ದಕ್ಕೆ ದುಡ್ಡು ತಗೊಳ್ಳಲಿಲ್ಲ, ಬಿಡಿ.

ಅಂದರೆ, ಬಿದ್ದುಹೋಗಿದ್ದನ್ನೋ ಕೆಡವಿದ್ದನ್ನೋ ಮತ್ತೆ ಎಬ್ಬಿಸಿದರೆ ರೀಬಿಲ್ಡ್. ನಮ್ಮೂರಲ್ಲಿ ಇದನ್ನು ತಿಳಿಯುವುದು ಸುಲಭ. ಮಹಮೂದ್ ಗವಾನ್ ಮದರಸಾ ನೋಡಿ. 1472ರ ಸುಮಾರಿಗೆ ಕಟ್ಟಿದ್ದು, ಮುಂಭಾಗದಲ್ಲಿ ಎರಡು ಮಿನಾರು ಇದ್ದವು. ಆಮೇಲೆ ಔರಂಗಜೇಬನ ಕಾಲದಲ್ಲಿ ಸಿಡಿಮದ್ದು ಸಿಡಿದು ಒಂದು ಬದಿ ಹಾರಿಹೋಯಿತು. ಈಗ ನಿಂತಿರುವುದು ಒಂದೇ ಮಿನಾರು. ಇನ್ನೊಂದರ ಬಗ್ಗೆ 'ಇಟ್ ವಾಸ್ ನೆವರ್ ರೀಬಿಲ್ಟ್' ಅನ್ನಬೇಕು. ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಹುಮಾಯೂನ್ ಶಾಹನ ಗೋರಿಯೂ ಹಾಗೇ. ಗುಮ್ಮಟ ಅರ್ಧಕ್ಕರ್ಧ ಸೀಳಿ ಬಿದ್ದಿದೆ, ಒಳಗೆ ನಿಂತು ತಲೆ ಎತ್ತಿದರೆ ಆಕಾಶ ಕಾಣುತ್ತದೆ. ಅದನ್ನು ಬೀಳದಂತೆ ಹಾಗೇ ಉಳಿಸಿಕೊಳ್ಳುವುದು ಕನ್ಸರ್ವ್. ನೌಬಾದ್‌ನ ಕರೇಜ್, ಅದೇ ನೆಲದಡಿಯ ಸುರಂಗ ಬಾವಿ, ಹೂಳು ತೆಗೆದು ಮೊದಲಿನ ಸ್ಥಿತಿಗೆ ತರುವುದು ರಿಸ್ಟೋರ್. ನನ್ನ ಅಂಗಡಿಗೆ ಬಣ್ಣ ಬಳಿದು ಹೊಸ ಫರಸಿ ಹಾಸಿದರೆ ರಿನೋವೇಟ್. ಅಷ್ಟೆ.

ಗ್ಯಾರೇಜಿನಲ್ಲಿ ಮಾತ್ರ ಸ್ವಲ್ಪ ಬೇರೆ. 'ಎಂಜಿನ್ ರೀಬಿಲ್ಡ್' ಅಂದಾಗ ಎಂಜಿನ್ ಏನೂ ಬಿದ್ದುಹೋಗಿರುವುದಿಲ್ಲ. ಪೂರ್ತಿ ಬಿಚ್ಚಿ, ಸವೆದ ಪಿಸ್ಟನ್ ರಿಂಗ್, ಬೇರಿಂಗ್ ಬದಲಿಸಿ, ಮತ್ತೆ ಜೋಡಿಸುತ್ತಾರೆ. ಬರೀ ಪ್ಲಗ್ ಬದಲಿಸಿ ಆ ಪದ ಹೇಳಿದರೆ ಬಿಲ್ ನೋಡಿ ಜಗಳ ಆಡಿ.

ಇಟ್ಟಿಗೆ ಸಿಮೆಂಟು ಇಲ್ಲದ ಕಡೆಯೂ ಬಳಸಬಹುದು: ರೀಬಿಲ್ಡ್ ಟ್ರಸ್ಟ್, ರೀಬಿಲ್ಡ್ ಎ ಲೈಫ್. ಇದು ನಮಗೆ ಹೊಸದಲ್ಲ, ನಾವೂ ಬದುಕು ಕಟ್ಟಿಕೊಳ್ಳುತ್ತೇವೆ ಅಲ್ವಾ? ಆದರೆ ನಂಬಿಕೆಯನ್ನು ನಾವು ಕಟ್ಟುವುದಿಲ್ಲ, ಗಳಿಸುತ್ತೇವೆ. ಹಾಗಾಗಿ ಕನ್ನಡಕ್ಕೆ ತರುವಾಗ 'ನಂಬಿಕೆ ಮತ್ತೆ ಗಳಿಸು' ಅನ್ನಿ. ಪೇಪರಿನ 'ವಿಶ್ವಾಸದ ಪುನರ್ನಿರ್ಮಾಣ' ಓದಿದಾಗೆಲ್ಲ ನನಗೆ ಜಲ್ಲಿ ಲಾರಿ ನೆನಪಾಗುತ್ತದೆ.

'ರೀಬಿಲ್ಡ್ ಅಗೇನ್' ಅಂತ ಸುಮ್ನೆ ಸೇರಿಸಬೇಡಿ. ಆ 'ರೀ' ಅಂದರೇನೇ ಮತ್ತೆ. ನಮ್ಮ 'ಬರ್ರೀ, ಕೂಡ್ರೀ'ಯ ರೀ ಅಲ್ಲ ಅದು! ಕಟ್ಟಿದ್ದು ಇನ್ನೊಮ್ಮೆ ಬಿದ್ದು ಮೂರನೇ ಸಲ ಕಟ್ಟಿದರೆ ಆಗ ಅಗೇನ್ ಸರಿ.

ಕೊನೆಗೆ, ನಮ್ಮವರು ಜಾಸ್ತಿ ಗೊಂದಲ ಮಾಡಿಕೊಳ್ಳುವ ಜಾಗ. ಕನ್ನಡದಲ್ಲಿ ಗೌಂಡಿ ಕಟ್ಟುತ್ತಾನೆ, ಮನೆಯವರು ಕಟ್ಟಿಸುತ್ತಾರೆ. ಇಂಗ್ಲಿಷ್‌ನಲ್ಲಿ ಆ 'ಇಸು' ಇಲ್ಲ. ಮಾತಿನಲ್ಲಿ 'ಐ ರೀಬಿಲ್ಟ್ ಮೈ ಹೌಸ್' ಎರಡಕ್ಕೂ ನಡೆಯುತ್ತದೆ. ಬೇರೆಯವರಿಂದ ಮಾಡಿಸಿದ್ದು ಅಂತ ಬಿಡಿಸಿ ಹೇಳಬೇಕಿದ್ದರೆ 'ಐ ಹ್ಯಾಡ್ ಮೈ ಹೌಸ್ ರೀಬಿಲ್ಟ್'. ಆ ಹಳ್ಳಿಯವರು ಹಿಂದಿನ ಗೋಡೆಯನ್ನು ಮಗನ ಜತೆ ಸೇರಿ ತಾವೇ ಎತ್ತಿದರಂತೆ. ಅವರಿಗೆ ಹ್ಯಾಡ್ ಬೇಕಾಗಲಿಲ್ಲ.