‘ನಾಟ್ ಬ್ಯಾಡ್’ ಅಂದರೆ ನಮ್ಮ ‘ಅಡ್ಡಿ ಇಲ್ಲ’

ತಮ್ಮಾ,

ನಿನ್ನ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡ. ನೀನು ಆಳಂದದಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ ಆರು ವಾರ ಆಗಿದೆ. ಮೂರು ದಿನ ಕೂತು ಮಾಡಿದ ರಿಪೋರ್ಟ್ ನೋಡಿ ಮ್ಯಾನೇಜರ್ ‘ನಾಟ್ ಬ್ಯಾಡ್’ ಅಂದು ಹೋದರು. ‘ಕೆಟ್ಟದಾಗಿಲ್ಲ, ಅಷ್ಟೇನಾ ಅಕ್ಕಾ? ಕೆಲಸ ಉಳಿಯುತ್ತದಾ?’ ಅಂತ ಕೇಳಿದ್ದೀಯ. ಉಳಿಯುತ್ತದೆ. ನಿನ್ನನ್ನು ಹೊಗಳಿದ್ದಾರೆ ಹುಚ್ಚಪ್ಪಾ.

ನಾನೀಗ ರಜೆಗೆ ಬಂದು ಕಲಬುರಗಿಯ ಬ್ರಹ್ಮಪುರದ ಮನೆಯಲ್ಲಿ ಕೂತಿದ್ದೇನೆ. ನೀನು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ‘ಮತ್ತೇನನಬೇಕಿತ್ತು ಅಂವಾ?’ ಅಂದರು. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಅವರಿಗೆ ಅರ್ಥ ಆಯ್ತು, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನನಗೂ ಇದೇ ಆಗಿತ್ತು. 2009ರಲ್ಲಿ ಇಂಗ್ಲೆಂಡಿನಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದ ಹೊಸತು. ವರ್ಷದ ಬಾಕಿ ಪಟ್ಟಿ ತಾಳೆ ಹಾಕಿ ಕೊಟ್ಟೆ. ಸಾಹೇಬರು ಕನ್ನಡಕ ಏರಿಸಿ ನೋಡಿ ‘ನಾಟ್ ಬ್ಯಾಡ್ ಅಟ್ ಆಲ್’ ಅಂದರು. ನನ್ನ ಕಿವಿಗೆ ಬಿದ್ದದ್ದು ‘ಬ್ಯಾಡ್’ ಒಂದೇ. ರಾತ್ರಿ ಎರಡರ ತನಕ ಕೂತು ಇಡೀ ಪಟ್ಟಿ ಮತ್ತೆ ಮಾಡಿದೆ. ಮರುದಿನ ಅವರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ‘ನಿನ್ನೆಯದರಲ್ಲಿ ಏನು ತಪ್ಪಿತ್ತು?’ ಅಂತ ಕೇಳಿದರು. ತಪ್ಪಿದ್ದದ್ದು ಹೊಸದರಲ್ಲಿ. ನಿದ್ದೆಗಣ್ಣಲ್ಲಿ ಎರಡು ಅಂಕಿ ಅದಲು ಬದಲಾಗಿದ್ದವು.

ಈಗ ಅಪ್ಪನ ವಿಷಯ. ಅವರು ಇಲ್ಲಿಯ ಕಾಳುಕಡಿ ಪೇಟೆ ನೆಹರೂ ಗಂಜ್‌ನ ಒಂದು ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರಾಗಿದ್ದರು. ಸುಗ್ಗಿಯಲ್ಲಿ ಊಟದ ಡಬ್ಬಿ ಒಯ್ಯುವುದು ನನ್ನ ಕೆಲಸ. ತೊಗರಿ ಕೊಳ್ಳುವವನು ಬಂದು ಚೀಲದೊಳಗೆ ಮೊಣಕೈ ತನಕ ಕೈ ಹಾಕಿ, ತಳದಿಂದ ಒಂದು ಹಿಡಿ ತೆಗೆಯುತ್ತಿದ್ದ. ಅಂಗೈ ಮೇಲೆ ಹರಡಿ ಉಫ್ ಅಂತ ಊದುತ್ತಿದ್ದ. ಒಂದು ಕಾಳು ಹಲ್ಲಿಗಿಟ್ಟು ಕಟ್ ಅನ್ನಿಸುತ್ತಿದ್ದ. ಕಾಳು ಚೆನ್ನಾಗಿ ಒಣಗಿದೆ, ಹುಳ ಇಲ್ಲ, ಕಸ ಇಲ್ಲ. ಆದರೂ ಅವನ ಬಾಯಿಂದ ಬರುವುದು ಒಂದೇ ಮಾತು: ‘ಅಡ್ಡಿ ಇಲ್ಲ.’ ರೈತನ ಮುಖ ಸಣ್ಣಗಾಗುತ್ತಿತ್ತು. ಅಪ್ಪ ಮಾತ್ರ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಮಾಲು ಮಾರಿಹೋಯಿತು ಅಂತ ಅವರಿಗೆ ಗೊತ್ತು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಸೀಮೆಯದೇ ಮಾಲು ಅನ್ನುವ ಸರ್ಕಾರಿ ಗುರುತು) ಬಂತಲ್ಲ, ಆ ಮನುಷ್ಯ ಅದಕ್ಕೂ ‘ಅಡ್ಡಿ ಇಲ್ಲ’ ಅಂದಿರುತ್ತಾನೆ.

ಆದರೆ ಎರಡೂ ಪೂರಾ ಒಂದೇ ಅಲ್ಲ. ಗಂಜ್‌ನವನು ರೇಟು ಏರಬಾರದು ಅಂತ ಮಾತು ಬಿಗಿ ಹಿಡಿಯುತ್ತಿದ್ದ. ನಿನ್ನ ಮ್ಯಾನೇಜರಿಗೆ ರೇಟಿನ ಚಿಂತೆ ಇಲ್ಲ. ಮುಖದೆದುರು ಜೋರಾಗಿ ಹೊಗಳಲು ಅವರಿಗೆ ಸಂಕೋಚ, ಅಷ್ಟೇ. ಅದಕ್ಕೇ ‘ಒಳ್ಳೆಯದು’ ಅನ್ನುವ ಬದಲು ‘ಕೆಟ್ಟದ್ದಲ್ಲ’ ಅಂತ ಸುತ್ತು ಹಾಕಿ ಬರುತ್ತಾರೆ.

ದನಿ ಕೇಳಿಸಿಕೋ. ‘ಬ್ಯಾಡ್’ ಅನ್ನುವಾಗ ದನಿ ಮೇಲೇರಿ, ಹುಬ್ಬೂ ಏರಿದರೆ ನಿಜವಾಗಿ ಮೆಚ್ಚಿದ್ದಾರೆ. ಹಿಂದೆ ‘ಅಟ್ ಆಲ್’ ಸೇರಿದರೆ ಇನ್ನೂ ಮೆಚ್ಚಿದ್ದಾರೆ. ‘ನಾಟ್ ಹಾಫ್ ಬ್ಯಾಡ್’ ಅಂದರೂ ಚಲೋ ಅಂತಲೇ, ಅರ್ಧ ಕೆಟ್ಟಿದೆ ಅಂತ ಹುಡುಕಲು ಹೋಗಬೇಡ. ದನಿ ಸಪ್ಪೆಯಾಗಿ, ಹಿಂದೆಯೇ ‘ಬಟ್’ ಬಂದರೆ ಮಾತ್ರ ಪೆನ್ನು ತೆಗೆದು ಬರೆದುಕೋ. ಇನ್ನು ‘ಕ್ವೈಟ್ ಗುಡ್’ ಕೇಳಿ ಹಿಗ್ಗಬೇಡ. ಅಮೆರಿಕದವರು ಹಾಗಂದರೆ ಬಹಳ ಚೆನ್ನಾಗಿದೆ ಅಂತ. ಇಂಗ್ಲೆಂಡಿನವರು ಅಂದರೆ ಎಷ್ಟೋ ಸಲ ‘ಏನೋ, ನಡೀತದ’ ಅಷ್ಟೇ.

ಈ ತಗ್ಗಿಸಿ ಮಾತಾಡುವ ಚಟ ಅವರಿಗೇ ದುಬಾರಿ ಆದದ್ದೂ ಉಂಟು. 1951ರ ಏಪ್ರಿಲ್, ಕೊರಿಯಾ ಯುದ್ಧ. ಇಮ್ಜಿನ್ ನದಿಯ ಹತ್ತಿರ ಬ್ರಿಟಿಷ್ ಪಡೆಯನ್ನು ಚೀನಾ ಸೈನ್ಯ ಮುತ್ತಿತ್ತು. ಆ ಪಡೆಯ ಬ್ರಿಗೇಡಿಯರ್ ಬ್ರೋಡಿ ತಮ್ಮ ಮೇಲಿನ ಅಮೆರಿಕನ್ ಅಧಿಕಾರಿಗೆ ‘ಸ್ವಲ್ಪ ಇಕ್ಕಟ್ಟಾಗಿದೆ’ ಅನ್ನೋ ಧಾಟಿಯಲ್ಲಿ ಹೇಳಿದರಂತೆ. ಸ್ವಲ್ಪ ತಾನೇ, ಸಂಭಾಳಿಸುತ್ತಾರೆ ಅಂದುಕೊಂಡರು ಆ ಅಧಿಕಾರಿ. ಗುಡ್ಡದ ಮೇಲೆ ಸಿಕ್ಕಿಬಿದ್ದ ಗ್ಲೌಸ್ಟರ್‌ಷೈರ್ ಬೆಟಾಲಿಯನ್ನಿನಲ್ಲಿ ತಪ್ಪಿಸಿಕೊಂಡು ಬಂದವರು ಕೆಲವರೇ. ಇಬ್ಬರ ಮಾತೂ ಇಂಗ್ಲಿಷೇ ಆಗಿದ್ದಾಗ ಹೀಗೆ, ಇನ್ನು ನಿನ್ನ ನನ್ನ ಪಾಡೇನು?

ನೀನೂ ಈ ಮಾತು ಬಳಸು. ಲಿಫ್ಟ್‌ನಲ್ಲಿ ಯಾರಾದರೂ ‘ಯೂ ಆಲ್‌ರೈಟ್?’ ಅಂದರೆ ಆರೋಗ್ಯದ ವಿಚಾರಣೆ ಅಲ್ಲ, ಸುಮ್ನೆ ನಮಸ್ಕಾರ. ‘ನಾಟ್ ಬ್ಯಾಡ್, ಯೂ?’ ಅಂದರೆ ಮುಗಿಯಿತು. ನಾನು ಮೊದಮೊದಲು ನನ್ನ ನೆಗಡಿಯ ಪೂರ್ತಿ ವರದಿ ಒಪ್ಪಿಸುತ್ತಿದ್ದೆ. ಮೇಲಿನವರ ಕೆಲಸಕ್ಕೆ ಮಾತ್ರ ‘ನಾಟ್ ಬ್ಯಾಡ್’ ಅನ್ನಬೇಡ. ಹೊಸ ಅಳಿಯ ಅತ್ತೆಯ ಕೈಯ ಎಣ್ಣೆಗಾಯಿ ತಿಂದು ‘ಅಡ್ಡಿ ಇಲ್ಲ’ ಅಂದ ಹಾಗಿರುತ್ತದೆ. ಊಟಕ್ಕೆ ಕರೆದವರ ಅಡುಗೆಗೂ ಬೇಡ. ಅಲ್ಲಿ ‘ಲವ್ಲಿ’ ಅನ್ನು, ಇನ್ನೊಂದು ಸಲ ಬಡಿಸಿಕೋ.

ಸೋಮವಾರ ಮ್ಯಾನೇಜರ್ ಸಿಕ್ಕರೆ ‘ಥ್ಯಾಂಕ್ಸ್’ ಅಂದು ಮುಂದಿನ ಕೆಲಸ ಕೇಳು. ಆ ರಿಪೋರ್ಟ್ ಫೈಲು ಮಾತ್ರ ಮತ್ತೆ ತೆರೆಯಬೇಡ.