ಎಂ ಚಿಪ್ ಮ್ಯಾಕ್‌ನಲ್ಲಿ ವಿಂಡೋಸ್ ಅಕೌಂಟಿಂಗ್ ಸಾಫ್ಟ್‌ವೇರ್ ಓಡಿಸುವುದು

ಹಳೇ ಕಂಪ್ಯೂಟರ್‌ನ ಅಕೌಂಟಿಂಗ್ ಸಾಫ್ಟ್‌ವೇರನ್ನು ಹೊಸ ಮ್ಯಾಕ್‌ನಲ್ಲಿ ಓಡಿಸಬೇಕು, ಆದರೆ ಬೂಟ್ ಕ್ಯಾಂಪ್ (ಮ್ಯಾಕ್‌ನಲ್ಲಿ ನೇರವಾಗಿ ವಿಂಡೋಸ್ ಹಾಕಿಕೊಳ್ಳುವ ಆ್ಯಪಲ್‌ನ ಸೌಲಭ್ಯ) ಸಿಗುತ್ತಿಲ್ಲ ಎಂದು ಕೇಳಿದ್ದೀರಿ. ಅದಕ್ಕೆ ಕಾರಣ ನಿಮ್ಮ ಮ್ಯಾಕ್‌ನ ಚಿಪ್. 2020ರ ಕೊನೆಯಲ್ಲಿ ಬಂದ ಆ್ಯಪಲ್‌ನದೇ ಎಂ1 ಚಿಪ್‌ನಿಂದ ಹಿಡಿದು ಈ ಸರಣಿಯ ಚಿಪ್ ಇರುವ ಯಾವ ಮ್ಯಾಕ್‌ನಲ್ಲೂ ಬೂಟ್ ಕ್ಯಾಂಪ್ ಇಲ್ಲ, ಸುಮ್ನೆ ಹುಡುಕಬೇಡಿ. ಅಕೌಂಟಿಂಗ್ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾತ್ರ ಇದೆ ಅಂದಿರಿ, ಅಲ್ವಾ? ಹಾಗಿದ್ದರೆ ವರ್ಚುವಲ್ ಮಷೀನ್, ಅಂದರೆ ಮ್ಯಾಕ್ ಒಳಗೇ ಒಂದು ಆ್ಯಪ್‌ನಲ್ಲಿ ಓಡುವ ಇನ್ನೊಂದು ಕಂಪ್ಯೂಟರ್, ಒಳ್ಳೆಯ ದಾರಿ.

ಮೊದಲು ಹಳೇ ಕಂಪ್ಯೂಟರ್‌ನಲ್ಲಿ ಡೇಟಾ ಬ್ಯಾಕಪ್ ತೆಗೆದುಕೊಂಡು ಲೈಸೆನ್ಸ್ ಡಿಆಕ್ಟಿವೇಟ್ ಮಾಡಿ, ಇದನ್ನು ಮಾಡದಿದ್ದರೆ ಹೊಸದರಲ್ಲಿ ಲೈಸೆನ್ಸ್ ಕೀ ಹಾಕಿದಾಗ ಬೇರೆ ಕಡೆ ಬಳಕೆಯಲ್ಲಿದೆ ಎಂದು ತಡೆಯಬಹುದು, ಆಗ ತಲೆನೋವು ಜಾಸ್ತಿ. ಆಮೇಲೆ ಮ್ಯಾಕ್‌ನಲ್ಲಿ ವರ್ಚುವಲ್ ಮಷೀನ್ ನಡೆಸುವ ಆ್ಯಪ್‌ಗಳಾದ ಪ್ಯಾರಲಲ್ಸ್ ಅಥವಾ ಯುಟಿಎಂ ಹಾಕಿ, ಅದರೊಳಗೆ ವಿಂಡೋಸ್ 11ರ ಆರ್ಮ್ ಆವೃತ್ತಿ (ಎಂ ಚಿಪ್‌ನಂಥ ಆರ್ಮ್ ಮಾದರಿಯ ಚಿಪ್‌ಗಳಿಗೆ ಮಾಡಿದ್ದು) ಇನ್‌ಸ್ಟಾಲ್ ಮಾಡಿ. ಯುಟಿಎಂ ಉಚಿತ. ಪ್ಯಾರಲಲ್ಸ್‌ಗೆ ದುಡ್ಡು ಕೊಡಬೇಕು, ಆದರೆ ಸೆಟಪ್ ತುಂಬಾ ಸಲೀಸು, ದಿನವೂ ಬಳಸುವವರಿಗೆ ನಾನು ಅದನ್ನೇ ಹೇಳುತ್ತೇನೆ. ಇಂಟೆಲ್ ಚಿಪ್‌ಗೆಂದು ಬರೆದ ಪ್ರೋಗ್ರಾಂಗಳನ್ನು ಆ ವಿಂಡೋಸ್ ತಾನೇ ಎಮ್ಯುಲೇಟ್ ಮಾಡಿ, ಅಂದರೆ ಆರ್ಮ್ ಚಿಪ್‌ಗೆ ಅರ್ಥವಾಗುವಂತೆ ಬದಲಿಸಿ, ಓಡಿಸುತ್ತದೆ.

ನನಗೆ ಅನುಮಾನ ಇರುವುದು ಒಂದೇ ಕಡೆ. ನಿಮ್ಮದು ಯುಎಸ್‌ಬಿ ಡಾಂಗಲ್ (ಲೈಸೆನ್ಸ್‌ಗಾಗಿ ಕಂಪ್ಯೂಟರ್‌ಗೆ ಸಿಕ್ಕಿಸುವ ಸಣ್ಣ ಸಾಧನ) ಇರುವ ಲೈಸೆನ್ಸಾ? ಹಾಗಿದ್ದರೆ ಅದಕ್ಕೆ ಡ್ರೈವರ್, ಅಂದರೆ ಆ ಸಾಧನವನ್ನು ವಿಂಡೋಸ್‌ಗೆ ಜೋಡಿಸುವ ಸಣ್ಣ ಸಾಫ್ಟ್‌ವೇರ್, ಬೇಕಾಗಬಹುದು. ಡ್ರೈವರ್‌ಗಳಿಗೆ ಎಮ್ಯುಲೇಷನ್ ನಡೆಯುವುದಿಲ್ಲ, ಆರ್ಮ್‌ಗೆಂದೇ ಮಾಡಿದ ಡ್ರೈವರ್ ಬೇಕು. ಅದು ಇದೆಯಾ ಎಂದು ಸಾಫ್ಟ್‌ವೇರ್ ಕಂಪನಿಗೆ ಕೇಳಿ. ಪ್ಯಾರಲಲ್ಸ್‌ನ ಟ್ರಯಲ್‌ನಲ್ಲಿ ಒಂದು ಇನ್‌ವಾಯ್ಸ್ ಮಾಡಿ, ಪ್ರಿಂಟ್ ತೆಗೆದು ನೋಡಿ. ಅಲ್ಲಿಯವರೆಗೆ ಹಳೇ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬೇಡಿ.