‘ಒಂದೇ ಪೀಸ್ ಇದೆ ಅಕ್ಕ’: ಲೈವ್ ಸೀರೆ ಮಾರಾಟದ ಎದುರು ಕುಳಿತ ಒಬ್ಬ ಗೃಹಿಣಿಯ ಪ್ರಕರಣ

(ಹೆಸರು, ಊರು ಮತ್ತು ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಲಾಗಿದೆ.)

ಇವರನ್ನು ಸರೋಜಾ ಎಂದು ಕರೆಯೋಣ. ವಯಸ್ಸು 52, ಗೃಹಿಣಿ, ವಾಸ ಒಂದು ತಾಲ್ಲೂಕು ಕೇಂದ್ರದಲ್ಲಿ. ಯಜಮಾನರು ಸರ್ಕಾರಿ ನೌಕರರು, ನಿವೃತ್ತಿ ಹತ್ತಿರದಲ್ಲಿದೆ. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ಆಪ್ತಸಲಹೆಗೆಂದು ನನ್ನ ಬಳಿ ಭೇಟಿಯ ಸಮಯ ಗೊತ್ತು ಮಾಡಿಕೊಂಡದ್ದು ಮಗಳು. ಸಮಸ್ಯೆ ಏನೆಂದು ಕೇಳಿದ್ದಕ್ಕೆ ‘ಅಮ್ಮನಿಗೆ ಮೊಬೈಲ್ ಚಟ’ ಎಂದಷ್ಟೇ ಬರೆದು ಕಳಿಸಿದ್ದರು.

ಯಜಮಾನರು ಬ್ಯಾಂಕ್ ಸ್ಟೇಟ್‌ಮೆಂಟನ್ನು ಪ್ರಿಂಟ್ ಹಾಕಿಸಿ ತಂದಿದ್ದರು. ಸೀರೆಗೆ ಹೋದ ಒಂದೊಂದು ಸಾಲಿನ ಕೆಳಗೂ ಕೆಂಪು ಗೆರೆ: 899, 1,250, 2,100, ಒಂದು ಕಡೆ 4,800. ‘ನೋಡಿ ಮೇಡಂ, ಉಟ್ಟಿದ್ದನ್ನು ನಾನಂತೂ ಕಂಡಿಲ್ಲ’ ಎಂದರು. ಸರೋಜಾ ಮಾತಾಡಲಿಲ್ಲ. ಯಜಮಾನರನ್ನೂ ಮಗಳನ್ನೂ ಹೊರಗೆ ಕೂರಿಸಿದ ಮೇಲೆಯೇ ಅವರ ಬಾಯಿ ತೆರೆದದ್ದು. ‘ನೋಡುವಾಗ ತುಂಬಾ ಚೆನ್ನಾಗಿರುತ್ತದೆ. ಮೊಬೈಲ್ ಕೆಳಗಿಟ್ಟ ಮೇಲೆ ನನ್ನ ಮೇಲೆ ನನಗೇ ಅಸಹ್ಯ. ಎರಡೂ ನಿಜ ಮೇಡಂ, ಯಾವುದನ್ನು ಹೇಳಲಿ?’

ಎಷ್ಟು ಗಂಟೆ ನೋಡುತ್ತೀರಿ ಎಂದು ನಾನು ಸಾಮಾನ್ಯವಾಗಿ ಕೇಳುವುದಿಲ್ಲ. ಆ ಲೆಕ್ಕ ಕೇಳಿದೊಡನೆ ಎದುರಿನವರು ಆರೋಪಿಯಾಗಿಬಿಡುತ್ತಾರೆ, ಅರ್ಧ ಗಂಟೆ ಕಡಿಮೆಯನ್ನೇ ಹೇಳುತ್ತಾರೆ. ಅದರ ಬದಲು, ನಿನ್ನೆ ರಾತ್ರಿ ಏನಾಯಿತು ಎಂದು ಹೇಳಿ ಎಂದೆ.

ಒಂಬತ್ತು ಗಂಟೆಗೆ ಹಾಲಿಗೆ ಹೆಪ್ಪು ಹಾಕಿ ಅಡುಗೆಮನೆಯ ದೀಪ ಆರಿಸಿದ್ದಾರೆ. ಫೇಸ್‌ಬುಕ್‌ನಲ್ಲಿ ಲೈವ್ ಶುರುವಾಗಿದೆ. ಮಾರುವಾಕೆ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಬೆನ್ನ ಹಿಂದೆ ಸೀರೆಗಳ ರಾಶಿ. ಸೆರಗು ಬಿಡಿಸಿ ಕ್ಯಾಮೆರಾಗೆ ಹಿಡಿಯುತ್ತಾಳೆ, ಅಂಚನ್ನು ಹತ್ತಿರ ತರುತ್ತಾಳೆ, ಬ್ಲೌಸ್ ಪೀಸ್ ಬೇರೆಯಾಗಿ ತೋರಿಸುತ್ತಾಳೆ. ‘ಬಾಟಲ್ ಗ್ರೀನ್, ಒಂದೇ ಪೀಸ್ ಇದೆ ಅಕ್ಕ, ಬೇಕಾದವರು ಬೇಗ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಮಾಡಿ.’ ಕಾಮೆಂಟುಗಳನ್ನು ಓದುತ್ತಾ ಹೋಗುತ್ತಾಳೆ: ‘ಸರೋಜಕ್ಕ ಬಂದರು, ಊಟ ಆಯಿತಾ ಅಕ್ಕ? ಹೋದ ಸಲದ್ದು ಉಟ್ಟಿರಾ?’

ಇದನ್ನು ಹೇಳುವಾಗ ಸರೋಜಾ ಅವರ ಮುಖ ಅರಳಿತು. ಆ ಹುಡುಗಿಯ ಮಗುವಿಗೆ ಜ್ವರ ಬಂದದ್ದು, ಅವಳ ಅತ್ತೆ ಮೊದಮೊದಲು ಲೈವ್‌ಗೆ ಒಪ್ಪದೆ ಇದ್ದದ್ದು, ಎಲ್ಲವೂ ಅವರಿಗೆ ಗೊತ್ತು. ಸೀರೆಯ ಮಾತಿಗೆ ಬಂದಾಗ ಮಾತ್ರ ಮುಖ ಸಪ್ಪಗಾಯಿತು. ಯಜಮಾನರು ಕಚೇರಿಗೆ ಹೊರಟ ಮೇಲೆ ಪಾರ್ಸಲ್ ಬಿಚ್ಚುತ್ತಾರೆ, ಬೀರುವಿನ ಮೇಲಿನ ಅರೆಯಲ್ಲಿ ಇಡುತ್ತಾರೆ. ಹೆಚ್ಚಿನವಕ್ಕೆ ಫಾಲ್ ಕೂಡ ಹೊಲಿಸಿಲ್ಲ.

ಮುಂದಿನ ಭೇಟಿಯವರೆಗೆ ಒಂದು ಕೆಲಸ ಕೊಟ್ಟೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ, ಮೊಬೈಲ್ ಏಕೆ ಕೈಗೆತ್ತಿಕೊಂಡಿರಿ, ಕೆಳಗಿಟ್ಟಾಗ ಮನಸ್ಸು ಹೇಗಿತ್ತು ಎಂದು ಒಂದೊಂದು ಪದ ಬರೆಯಿರಿ. ಕಡಿಮೆ ಮಾಡಬೇಡಿ, ಬರೆಯಿರಿ ಅಷ್ಟೆ.

ಅವರು ತಂದ ಕ್ಯಾಲೆಂಡರ್ ಹಾಳೆ ಅವರ ಮನೆಯವರಿಗೆ ಕಾಣದ ಸಂಗತಿಗಳನ್ನು ತೋರಿಸಿತು. ತವರೂರಿನ ದೇವಸ್ಥಾನದ ವಾಟ್ಸಾಪ್ ಗುಂಪು: ‘ಖುಷಿ’. ಮಗಳ ವಿಡಿಯೊ ಕಾಲ್: ‘ಖುಷಿ’, ಪಕ್ಕದಲ್ಲಿ ‘ಬೇಗ ಇಟ್ಟಳು’. ರಂಗೋಲಿ ವಿಡಿಯೊ: ‘ಪರವಾಗಿಲ್ಲ’. ಏನನ್ನೋ ಹುಡುಕಲು ಹೋಗಿ ರೀಲ್ಸ್‌ನಲ್ಲಿ ಕಳೆದುಹೋದದ್ದು: ‘ಏನು ನೋಡಿದೆನೋ ನೆನಪಿಲ್ಲ, ತಲೆನೋವು’. ಓರಗಿತ್ತಿಯ ಸ್ಟೇಟಸ್, ಅಂದರೆ ದುಬೈ ಪ್ರವಾಸ, ಹೊಸ ಕಾರಿನ ಪೂಜೆ: ‘ಸಂಕಟ’. ಲೈವ್ ಎದುರು ಎರಡು ಪದಗಳು, ನಡುವೆ ಗೆರೆ: ‘ಖುಷಿ / ನಾಚಿಕೆ’.

ಮನೆಯವರು ಇದಕ್ಕೆಲ್ಲ ಸೇರಿಸಿ ‘ಮೊಬೈಲ್’ ಎಂದು ಒಂದೇ ಹೆಸರು ಕೊಟ್ಟಿದ್ದರು. ಹಾಗಾಗಿ ಅವರಿಗೆ ಹೊಳೆದ ಪರಿಹಾರವೂ ಒಂದೇ: ಕಿತ್ತುಕೊಳ್ಳುವುದು. ಕಿತ್ತುಕೊಂಡರೆ ಓರಗಿತ್ತಿಯ ಕಾರಿನ ಜೊತೆಗೆ ದೇವಸ್ಥಾನದ ಗುಂಪೂ ಹೋಗುತ್ತದೆ. ಇನ್ನು ಯಜಮಾನರು ರಾತ್ರಿ ಹನ್ನೊಂದರವರೆಗೆ ಯೂಟ್ಯೂಬ್‌ನಲ್ಲಿ ಚರ್ಚೆ ನೋಡಿ, ಕೋಪಗೊಂಡು, ಅದೇ ಕೋಪವನ್ನು ಹಳೆಯ ಸಹೋದ್ಯೋಗಿಗಳ ಗುಂಪಿಗೆ ಫಾರ್ವರ್ಡ್ ಮಾಡಿ ಮಲಗುತ್ತಾರೆ. ಅದು ಅವರ ಲೆಕ್ಕದಲ್ಲಿ ಸುದ್ದಿ, ಮೊಬೈಲ್ ಅಲ್ಲ. ನಾನು ಅದನ್ನು ಹೇಳಿದಾಗ ಮಗಳು ನಕ್ಕರು, ಅವರು ನಗಲಿಲ್ಲ.

ಚಟ ಎಂಬ ಪದವನ್ನು ನಾನು ಈ ಪ್ರಕರಣದಲ್ಲಿ ಬಳಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಈಗಿನ ಆವೃತ್ತಿ 2022ರಿಂದ ಜಾರಿಯಲ್ಲಿದೆ; ಅದರಲ್ಲಿ ಗೇಮಿಂಗ್ ವ್ಯಸನಕ್ಕೆ ಪ್ರತ್ಯೇಕ ಜಾಗವಿದೆ, ಸಾಮಾಜಿಕ ಜಾಲತಾಣಕ್ಕೆ ಇಲ್ಲ. ಸರೋಜಾ ಅವರ ನಿದ್ರೆ, ಹಸಿವು, ಬೇಸರ, ಸಾಲ ಎಲ್ಲವನ್ನೂ ವಿಚಾರಿಸಿದೆ. ಸಾಲ ಇರಲಿಲ್ಲ, ಖಿನ್ನತೆಯ ಲಕ್ಷಣಗಳೂ ಇರಲಿಲ್ಲ. ಇದ್ದಿದ್ದರೆ ಮನೋವೈದ್ಯರ ಬಳಿಗೆ ಕಳಿಸುತ್ತಿದ್ದೆ. ತಂತ್ರಜ್ಞಾನದ ಅತಿಬಳಕೆಗೆಂದೇ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಕ್ಲಿನಿಕ್ ನಡೆಯುತ್ತಿದೆ. ದೂರದ ಊರಿನವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ ಇದೆ.

ಹಾಗಾದರೆ ಇಲ್ಲಿ ನಡೆಯುತ್ತಿದ್ದುದೇನು? ಟಿವಿ ನಿರೂಪಕರನ್ನು ಜನ ತಮ್ಮ ಆಪ್ತರೆಂದು ಭಾವಿಸುವ ಏಕಮುಖ ಸಂಬಂಧದ ಬಗ್ಗೆ ಹಾರ್ಟನ್ ಮತ್ತು ವೋಲ್ ಎಂಬ ಅಮೆರಿಕದ ವಿದ್ವಾಂಸರು 1956ರಲ್ಲೇ ಬರೆದಿದ್ದರು. ಆ ಟಿವಿಯೊಳಗಿನವರಿಗೆ ನೋಡುವವರ ಹೆಸರು ತಿಳಿದಿರಲಿಲ್ಲ. ಲೈವ್‌ನಲ್ಲಿ ಹೆಸರು ಹಿಡಿದು ಕರೆಯುತ್ತಾರೆ, ಅದೂ ಕೊಂಡವರನ್ನು ಮೊದಲು ಕರೆಯುತ್ತಾರೆ. ಸರೋಜಾ ಅವರ ತಾಯಿ ತೀರಿಕೊಂಡ ಮೇಲೆ ‘ಊಟ ಆಯಿತಾ’ ಎಂದು ದಿನವೂ ಕೇಳುವವರು ಯಾರೂ ಉಳಿದಿರಲಿಲ್ಲ. ಅವರು ಹಣ ಕೊಡುತ್ತಿದ್ದುದು ಆ ಪ್ರಶ್ನೆಗೆ. ಸೀರೆ ಅದರ ಜೊತೆ ಬರುತ್ತಿತ್ತು. ಮಾರುವಾಕೆಯನ್ನು ನಾನು ದೂರುವುದಿಲ್ಲ. ಮೂರು ಗಂಟೆ ನಿಂತು ಇನ್ನೂರು ಜನರ ಹೆಸರು ಕರೆಯುವುದು ದುಡಿಮೆಯೇ. ಆದರೆ ಅವಳ ಅಕ್ಕರೆಯೂ ಅಂಗಡಿಯ ಸಾಮಾನೇ ಎಂಬುದು ಕೊಳ್ಳುವವರಿಗೆ ತಿಳಿದಿರಬೇಕು.

ಫೇಸ್‌ಬುಕ್ ತೆಗೆದುಹಾಕಿಸಿ ಎಂದು ಮಗಳು ಒತ್ತಾಯಿಸಿದರು. 2018ರಲ್ಲಿ ಅಮೆರಿಕದಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಜನರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದ್ದರು. ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು, ಮನಸ್ಸಿನ ನೆಮ್ಮದಿ ಹೆಚ್ಚಿತು, ಆದರೆ ಸ್ವಲ್ಪವೇ. ಹಾಗೆ ಉಳಿತಾಯವಾದ ಸಮಯದಲ್ಲಿ ಒಂದು ಪಾಲು ಟಿವಿಗೆ, ಒಂದು ಪಾಲು ಮನೆಯವರು ಮತ್ತು ಗೆಳೆಯರಿಗೆ ಹೋಯಿತು. ‘ನಿಮ್ಮಮ್ಮನಿಗೆ ರಾತ್ರಿ ಒಂಬತ್ತಕ್ಕೆ ಒಂದು ಗಂಟೆ ಉಳಿಸಿಕೊಡೋಣ, ಅದನ್ನು ಯಾರ ಜೊತೆ ಕಳೆಯಬೇಕು?’ ಎಂದೆ. ಅವರು ತಂದೆಯ ಕಡೆ ನೋಡಿದರು.

ಕೊಟ್ಟ ಸಲಹೆ ಇಷ್ಟು. ಲೈವ್ ನೋಡಬಹುದು, ಕಾಮೆಂಟ್ ಹಾಕಬಹುದು, ರಾತ್ರಿ ಹಣ ಕಳಿಸಬಾರದು. ಬೇಕೆನಿಸಿದ ಸೀರೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮರುದಿನ ತಿಂಡಿಯ ನಂತರ ‘ಇದೆಯಾ?’ ಎಂದು ಕೇಳಬೇಕು. ಹೆಚ್ಚಿನ ಸಲ ‘ಇದೆ ಅಕ್ಕ’ ಎಂದೇ ಉತ್ತರ ಬಂತು. ಆ ‘ಒಂದೇ ಪೀಸ್’ ಎಂಬ ಮಾತಿನ ನಿಜ ಕಂಡುಕೊಳ್ಳಲು ಇದಕ್ಕಿಂತ ಒಳ್ಳೆಯ ಪಾಠ ನನ್ನಲ್ಲಿ ಇರಲಿಲ್ಲ. ಇಲ್ಲದ ಆತುರವನ್ನು ಹುಟ್ಟಿಸಿ ಮಾರುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2023ರ ನವೆಂಬರ್‌ನ ಮಾರ್ಗಸೂಚಿ ನಿಷೇಧಿಸಿದೆ. ಅದು ಹೆಸರಿಸಿದ 13 ವಂಚಕ ತಂತ್ರಗಳ ಪಟ್ಟಿಯಲ್ಲಿ ಮೊದಲನೆಯದೇ ಇದು.

ಹಣದ ವಿಷಯ ಮೊಬೈಲ್‌ಗಿಂತ ಮುಖ್ಯವಾಗಿತ್ತು. ಸರೋಜಾ ಅವರ ಯುಪಿಐ ಜೋಡಿಸಿದ್ದು ಯಜಮಾನರ ಸಂಬಳ ಬರುವ ಜಂಟಿ ಖಾತೆಗೆ. ಅದನ್ನು ಬಿಡಿಸಿ, ಅವರ ಹೆಸರಿನಲ್ಲೇ ಒಂದು ಸಣ್ಣ ಖಾತೆ ತೆರೆದು, ತಿಂಗಳಿಗೆ ಇಷ್ಟು ಎಂದು ಹಾಕಿ, ಅದರ ಲೆಕ್ಕವನ್ನು ಯಾರೂ ಕೇಳಬಾರದು ಎಂದು ಹೇಳಿದೆ. ಯಜಮಾನರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಮೂವತ್ತು ವರ್ಷ ಸಂಸಾರ ತೂಗಿಸಿದವರಿಗೆ ಲೆಕ್ಕ ಕೊಡದೆ ಖರ್ಚು ಮಾಡಲು ಒಂದು ರೂಪಾಯಿಯೂ ಇಲ್ಲದಿದ್ದರೆ ಪಾರ್ಸಲ್ ಬಚ್ಚಿಡುವುದು ಬಿಟ್ಟು ಬೇರೇನು ಮಾಡುತ್ತಾರೆ ಎಂದು ಕೇಳಿದ ಮೇಲೆ, ಅಂದಿನ ಮಟ್ಟಿಗೆ ಸುಮ್ಮನಾದರು. ಖಾತೆ ತೆರೆಯಿತು.

ಆ 4,800 ರೂಪಾಯಿಯ ಕಥೆ ಬೇರೆ. ಬೇರೊಬ್ಬ ಮಾರಾಟಗಾರರಿಂದ ಅಪ್ಪಟ ರೇಷ್ಮೆಯೆಂದು ತರಿಸಿದ್ದರು. ಬಂದದ್ದರಲ್ಲಿ ಅಪ್ಪಟ ರೇಷ್ಮೆಗೆ ಖಾತ್ರಿಯಾದ ಸಿಲ್ಕ್ ಮಾರ್ಕ್ ಚೀಟಿ ಇರಲಿಲ್ಲ. ಟೈಲರ್ ಒಂದೆಳೆ ಸುಟ್ಟು ನೋಡಿದಾಗ ಕೂದಲು ಸುಟ್ಟ ವಾಸನೆ ಬರುವ ಬದಲು ಪ್ಲಾಸ್ಟಿಕ್ಕಿನಂತೆ ಕರಗಿ ಗಂಟಾಯಿತು. ಕೇಳಿದರೆ ‘ಪಾರ್ಸಲ್ ಬಿಚ್ಚುವ ವಿಡಿಯೊ ಇಲ್ಲದಿದ್ದರೆ ವಾಪಸ್ ಇಲ್ಲ’ ಎಂದು ಹೇಳಿ ನಂಬರ್ ಬ್ಲಾಕ್ ಮಾಡಿದ್ದರು. ಸರೋಜಾ ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ಅವರ ನಾಚಿಕೆಯ ದೊಡ್ಡ ಪಾಲು ಈ ಒಂದು ಸೀರೆಯದು. ಬಣ್ಣಿಸಿದಂತೆ ಇಲ್ಲದ ವಸ್ತುವನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಬಿಚ್ಚುವ ವಿಡಿಯೊ ಎಂಬುದು ಮಾರುವವರೇ ಹಾಕಿಕೊಂಡ ಷರತ್ತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಲು, ಸ್ಕ್ರೀನ್‌ಶಾಟ್ ಮತ್ತು ಪಾವತಿಯ ವಿವರ ತೆಗೆದಿಡಲು ತಿಳಿಸಿದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಆಶ್ಚರ್ಯವೆಂದರೆ ದೂರು ಬರೆಯಲು ಕುಳಿತವರು ಯಜಮಾನರು. ಕಚೇರಿಯ ಟಿಪ್ಪಣಿಯ ಶೈಲಿಯಲ್ಲಿ, ಕಂಡಿಕೆ ಹಾಕಿ, ಎರಡು ಪುಟ ಬರೆದರು. ಪ್ರಕರಣ ಇನ್ನೂ ನಡೆಯುತ್ತಿದೆ.

ಈಗ ಸರೋಜಾ ಲೈವ್ ನೋಡುತ್ತಾರೆ, ಅಪರೂಪಕ್ಕೆ ಕೊಳ್ಳುತ್ತಾರೆ, ಕೊಂಡದ್ದನ್ನು ತೋರಿಸುತ್ತಾರೆ. ಅರೆಯಲ್ಲಿದ್ದ ಸೀರೆಗಳಲ್ಲಿ ಕೆಲವಕ್ಕೆ ಫಾಲ್, ಕುಚ್ಚು ಆಗಿದೆ. ಮಗಳು ರಾತ್ರಿ ಒಂಬತ್ತಕ್ಕೆ ಫೋನ್ ಮಾಡುವ ಮಾತು ಕೊಟ್ಟಿದ್ದಾರೆ. ವಾರದಲ್ಲಿ ಮೂರು ನಾಲ್ಕು ದಿನ ಉಳಿಸಿಕೊಳ್ಳುತ್ತಾರೆ. ಯಜಮಾನರ ಯೂಟ್ಯೂಬ್ ಚರ್ಚೆ ಎಂದಿನಂತೆ ನಡೆದಿದೆ.

ಒಂದು ಸಲಹೆಯನ್ನು ಮಾತ್ರ ಸರೋಜಾ ಇಂದಿಗೂ ಒಪ್ಪಿಲ್ಲ. ಓರಗಿತ್ತಿಯ ಸ್ಟೇಟಸನ್ನು ಮ್ಯೂಟ್ ಮಾಡಿ ಎಂದರೆ, ‘ಅಯ್ಯೋ, ಯಾರು ನೋಡಿದರು ಎಂದು ಅವಳಿಗೆ ಕಾಣಿಸುತ್ತದೆ ಮೇಡಂ. ನಾನು ನೋಡದಿದ್ದರೆ ಹೊಟ್ಟೆಕಿಚ್ಚು ಎಂದುಕೊಳ್ಳುತ್ತಾಳೆ’ ಎನ್ನುತ್ತಾರೆ. ಮುಂದಿನ ಭೇಟಿ ಅದಕ್ಕೇ ಮೀಸಲು.